ಔಟ್‌ಬೋರ್ಡ್ ಮೋಟರ್ ಕೂರಿಸೋಕೆ ಸರಿಯಾದ ಬೋಲ್ಟು ಆರಿಸೋದು ಹೇಗೆ

ಹಳೇ ಬೋಟೊಂದರ ಹಿಂಬದಿಗೆ ಹೊರಗಡೆಯಿಂದ ಕೂರಿಸಿದ್ದ ಔಟ್‌ಬೋರ್ಡ್ ಮೋಟರ್ ಇಳಿಸ್ತಾ ಇದ್ದಾಗ ಕೈಗೆ ಬಂದ ಒಂದು ಬೋಲ್ಟು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಲೆ ಪಳಪಳ ಹೊಳೀತಿತ್ತು, ನಟ್ಟಿನ ಕಡೆ ಥ್ರೆಡ್ಡೂ ಹೊಸದರ ಥರಾನೇ ಇತ್ತು, ಆದ್ರೆ ಮಧ್ಯದಲ್ಲಿ, ಅಂದ್ರೆ ಟ್ರಾನ್ಸಮ್ (ಬೋಟಿನ ಹಿಂಭಾಗದ ಗೋಡೆ) ಮರದ ಒಳಗೆ ಕೂತಿದ್ದ ಭಾಗ ಗೆದ್ದಲು ತಿಂದ ಕಡ್ಡಿ ಥರ ಗುಳಿ ಗುಳಿ ಬಿದ್ದು ತೆಳ್ಳಗಾಗಿತ್ತು, ಉಗುರು ಇಟ್ರೆ ಗುಳಿಯೊಳಗೆ ಹೋಗ್ತಿತ್ತು. ಹೊರಗಿಂದ ಎಷ್ಟು ವರ್ಷ ನೋಡಿದ್ರೂ ಗೊತ್ತಾಗ್ತಾನೇ ಇರ್ಲಿಲ್ಲ. ಅದು ಸ್ಟೇನ್‌ಲೆಸ್ ಬೋಲ್ಟೇ, ಕಳಪೆ ಮಾಲೂ ಅಲ್ಲ. ತಪ್ಪಿದ್ದಿದ್ದು ತೂತಿನಲ್ಲಿ, ಸೀಲೆಂಟ್, ಅಂದ್ರೆ ನೀರು ಹೋಗದ ಹಾಗೆ ಸಂದು ಮುಚ್ಚೋ ಅಂಟು, ಸರಿಯಾಗಿ ಹಾಕಿರ್ಲಿಲ್ಲ, ನೀರು ಒಳಗೆ ಹೋಗಿ ಮರ ನೆನೆದು ಅಲ್ಲೇ ನಿಂತಿತ್ತು.

ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ಬೋಲ್ಟು ಆರಿಸೋದು ಅಂದ ತಕ್ಷಣ ಎಲ್ಲರೂ ಕೇಳೋದು "ಯಾವುದು ಗಟ್ಟಿ" ಅಂತ. ಗಟ್ಟಿತನದ ಲೆಕ್ಕ ಒಂದ್ಸಲ ಹಾಕಿ ನೋಡಿ: ಸ್ಟೇನ್‌ಲೆಸ್‌ನಲ್ಲಿ ಎ4-70 ದರ್ಜೆಯ 12 ಮಿಮೀ ಬೋಲ್ಟು ಒಂದನ್ನ ಎಳೆದು ಹರಿಯೋಕೆ ಸುಮಾರು 59 ಕಿಲೋನ್ಯೂಟನ್ ಬೇಕು, ಅಂದ್ರೆ ಆರು ಟನ್ ಹತ್ರ, ಅಂಥವು ನಾಲ್ಕು ಹಾಕ್ತೀವಿ. 115 ಎಚ್‌ಪಿ ಫೋರ್ ಸ್ಟ್ರೋಕ್ ಮೋಟರ್ ತೂಗೋದೇ ಸಾಮಾನ್ಯವಾಗಿ 160ರಿಂದ 190 ಕೆಜಿ. ಅಲೆ ಹೊಡೆತ, ಪ್ರೊಪೆಲ್ಲರ್ ತಳ್ಳೋ ಬಲ ಎಲ್ಲ ಸೇರಿಸಿದ್ರೂ ಸರಿಯಾಗಿರೋ ಬೋಲ್ಟು ಪಟ್ಟಂತ ಮುರಿಯೋದು ತೀರಾ ಅಪರೂಪ. ಆಗೋದೇನು ಅಂದ್ರೆ ನೀರು ಇಳಿದು ಮರ ಕೊಳೆಯತ್ತೆ, ಸಣ್ಣ ವಾಷರ್ ಮರದೊಳಗೆ ಹೂತು ಹೋಗತ್ತೆ, ಉದ್ದ ತಪ್ಪಾಗಿ ನಟ್ಟು ಬಿಗಿಯಾದ ಹಾಗೆ ಕಂಡರೂ ಮೋಟರ್ ಸಡಿಲ ಇರತ್ತೆ. ಆದ್ರಿಂದ ಅಳತೆ, ಉದ್ದ, ಲೋಹ, ವಾಷರ್, ಸೀಲೆಂಟ್ ಈ ಐದನ್ನೂ ಒಟ್ಟಿಗೇ ಯೋಚಿಸ್ಬೇಕು, ಒಂದನ್ನ ಬಿಟ್ರೆ ಉಳಿದ ನಾಲ್ಕಕ್ಕೆ ಹಾಕಿದ ದುಡ್ಡು ದಂಡ.

ಮೊದಲು ಮೋಟರ್‌ನ ಬ್ರಾಕೆಟ್ ನೋಡಿ

ಸಣ್ಣ ಮೋಟರ್‌ಗಳಿಗೆ ಬ್ರಾಕೆಟ್‌ನಲ್ಲಿ, ಅಂದ್ರೆ ಮೋಟರನ್ನ ಟ್ರಾನ್ಸಮ್‌ಗೆ ಹಿಡಿಸೋ ಲೋಹದ ಚೌಕಟ್ಟಿನಲ್ಲಿ, ಕೈಯಿಂದ ತಿರುಗಿಸೋ ಎರಡು ಕ್ಲ್ಯಾಂಪ್ ಸ್ಕ್ರೂ ಇರತ್ತೆ, ಟ್ರಾನ್ಸಮ್ ಮೇಲೆ ನೇತು ಹಾಕಿ ಬಿಗಿ ಮಾಡೋದು ಅಷ್ಟೇ. ಇಂಥದಕ್ಕೆ ಬೋಲ್ಟೇ ಬೇಡ ಅಂತ ಬಿಟ್ಟುಬಿಡ್ತಾರೆ, ಆದ್ರೆ ತುಂಬಾ ಬ್ರಾಕೆಟ್‌ಗಳಲ್ಲಿ ಕ್ಲ್ಯಾಂಪ್ ಜೊತೆಗೇ ಬೋಲ್ಟಿಗೂ ಸಣ್ಣ ತೂತು ಕೊಟ್ಟಿರ್ತಾರೆ, ಮೋಟರ್ ಖಾಯಂ ಆಗಿ ಬೋಟ್ ಮೇಲೇ ಇರತ್ತೆ ಅಂದ್ರೆ ದಯವಿಟ್ಟು ಅದನ್ನ ಬಳಸಿ. ಕ್ಲ್ಯಾಂಪ್ ಸ್ಕ್ರೂ ಅದುರಿ ಅದುರಿ ಸಡಿಲ ಆಗೋದು ಮಾಮೂಲು, ಆಮೇಲೆ ಮೋಟರ್ ನೀರಿನ ತಳದಲ್ಲಿ. ದಿನಾ ಬಿಚ್ಚಿ ಮನೆಗೆ ತರೋರಾದ್ರೆ ಬೋಲ್ಟ್ ಬದಲು ಒಂದು ಗಟ್ಟಿ ಸರಪಳಿನಾದ್ರೂ ಕಟ್ಟಿ.

ಸುಮಾರು 25, 30 ಎಚ್‌ಪಿಯಿಂದ ಮೇಲಿನವಕ್ಕೆ ಸಾಮಾನ್ಯವಾಗಿ ನಾಲ್ಕು ಬೋಲ್ಟು ಟ್ರಾನ್ಸಮ್‌ನ ಆರಪಾರ ಹಾಕಿ ಕೂರಿಸೋದು. ದೊಡ್ಡ ಮೋಟರ್‌ಗಳಲ್ಲಿ ಹೆಚ್ಚಿನ ಕಂಪನಿಗಳು ಒಂದೇ ತೂತಿನ ಅಳತೆ ಪಾಲಿಸ್ತಾವೆ: ಮೇಲಿನ ಎರಡು ತೂತು ನಡುವೆ ಹದಿಮೂರು ಇಂಚಿಗಿಂತ ಎಂಟನೇ ಒಂದು ಇಂಚು ಕಮ್ಮಿ, ಕರೆಕ್ಟಾಗಿ ಹೇಳ್ಬೇಕಂದ್ರೆ 327 ಮಿಮೀ, ಕೆಳಗಿನ ಎರಡರ ನಡುವೆ 251 ಮಿಮೀ. ಮೇಲಿನ ತೂತು ಒಂದರ ಕೆಳಗೊಂದು ಸಾಲಾಗಿ ಇರ್ತಾವೆ, ಸುಮಾರು 19 ಮಿಮೀ ಅಂತರದಲ್ಲಿ, ಮೋಟರ್‌ನ ಎತ್ತರ ಹೊಂದಿಸ್ಕೊಳ್ಳೋಕೆ. ಕೆಳಗಿನದು ಉದ್ದನೆಯ ಸೀಳು. ಆದ್ರೂ ನನ್ನ ಮಾತು ನಂಬ್ಕೊಂಡು ಡ್ರಿಲ್ ಹಿಡೀಬೇಡಿ, ನಿಮ್ಮ ಮೋಟರ್ ಜೊತೆ ಬಂದ ಕೈಪಿಡಿಯಲ್ಲಿರೋ ಅಳತೆ ನೋಡಿ, ಅದಿಲ್ಲ ಅಂದ್ರೆ ಬ್ರಾಕೆಟ್ ಮೇಲೆ ದಪ್ಪ ರಟ್ಟು ಒತ್ತಿ ಹಿಡಿದು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಅಚ್ಚು ತೆಗೀರಿ.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಮುಂದೆ ಓಡಿಸುವಾಗ ಪ್ರೊಪೆಲ್ಲರ್ ಕೆಳಗಡೆಯಿಂದ ಮುಂದಕ್ಕೆ ತಳ್ಳತ್ತೆ, ಹಾಗಾಗಿ ಬ್ರಾಕೆಟ್‌ನ ಕೆಳಭಾಗ ಟ್ರಾನ್ಸಮ್‌ಗೆ ಒತ್ತತ್ತೆ, ಮೇಲ್ಭಾಗ ಬಿಟ್ಟು ಬರೋಕೆ ನೋಡತ್ತೆ. ಮೋಟರ್‌ನ ತೂಕ ಹಿಂದಕ್ಕೆ ಜೋತು ಬಿದ್ದಿರೋದ್ರಿಂದ ಅದೂ ಮೇಲ್ಭಾಗವನ್ನೇ ಕೀಳತ್ತೆ. ಅಂದ್ರೆ ಎಳೆತ ಜಾಸ್ತಿ ತಿನ್ನೋದು ಮೇಲಿನ ಎರಡು ಬೋಲ್ಟು, ನೀರಿಗೆ ಜಾಸ್ತಿ ಸಿಗೋದು ಕೆಳಗಿನ ಎರಡು. ಮೇಲೆ ವಾಷರ್ ಪ್ಲೇಟ್ (ನಟ್ಟಿನ ಕೆಳಗೆ ಭಾರ ಹಂಚೋ ಅಗಲ ತಗಡು) ಬಗ್ಗೆ ಜಿಪುಣತನ ಬೇಡ, ಕೆಳಗೆ ಸೀಲೆಂಟ್ ಬಗ್ಗೆ ಬೇಡ.

ದಪ್ಪ: ಅರ್ಧ ಇಂಚೋ 12 ಮಿಮೀನೋ

ನಾಲ್ಕು ಬೋಲ್ಟಿನ ಮೋಟರ್‌ಗಳಿಗೆ ಸಾಮಾನ್ಯವಾಗಿ ಬರೋದು ಎರಡೇ, ಅರ್ಧ ಇಂಚಿನದು ಇಲ್ಲ ಎಂ12. ಅರ್ಧ ಇಂಚು ಅಂದ್ರೆ 12.7 ಮಿಮೀ, ಮುಕ್ಕಾಲು ಮಿಮೀನಷ್ಟೇ ವ್ಯತ್ಯಾಸ, ಕಣ್ಣಿಗೆ ಎರಡೂ ಒಂದೇ. ಇನ್ನೂ ಗೊಂದಲ ಏನಂದ್ರೆ ಎಂ12ರ ತಲೆಗೆ ಎಷ್ಟೋ ಸಲ 19ರ ಸ್ಪ್ಯಾನರ್ ಬರತ್ತೆ, ಅರ್ಧ ಇಂಚಿನ ಬೋಲ್ಟಿನ ತಲೆ ಮುಕ್ಕಾಲು ಇಂಚು, ಅದೂ 19.05 ಮಿಮೀ, ಅದೇ ಸ್ಪ್ಯಾನರ್ ಇದಕ್ಕೂ ಕೂರತ್ತೆ. ಸ್ಪ್ಯಾನರ್ ಕೂತ್ಕೊಳ್ತು, ಹಾಗಾಗಿ ಅದೇ ಸೈಜು ಅಂದ್ಕೊಂಡ್ರೆ ಕೆಟ್ವಿ. ಎಂ12ರಲ್ಲಿ ಥ್ರೆಡ್ಡಿನ ಅಂತರ 1.75 ಮಿಮೀ, ಅರ್ಧ ಇಂಚಿನದ್ರಲ್ಲಿ ಇಂಚಿಗೆ 13 ಥ್ರೆಡ್ಡು. ಅರ್ಧ ಇಂಚಿನ ನಟ್ಟನ್ನ ಎಂ12 ಬೋಲ್ಟಿಗೆ ಹಾಕಿದ್ರೆ ಲೊಡಲೊಡ ಅಂತ ಹೋಗಿ ಕೂರತ್ತೆ, ಬಿಗಿ ಮಾಡಿದಾಗ ಒಂದು ಹಂತದಲ್ಲಿ ಥ್ರೆಡ್ಡೇ ಕಿತ್ಕೊಂಡು ಬರತ್ತೆ. ಆದ್ರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೀರಿ, ನಟ್ಟು ಬೋಲ್ಟು ಒಂದೇ ಕಡೆ ಒಂದೇ ಸಲ ತಗೊಳ್ಳಿ, ನಟ್ಟನ್ನ ಅಲ್ಲೇ ಕೈಯಲ್ಲಿ ತಿರುಗಿಸಿ ನೋಡಿ, ಅಲುಗಾಟ ಇಲ್ದೆ ನುಣ್ಣಗೆ ಹೋಗ್ಬೇಕು. ಸಡಿಲ ಆಗದ ಹಾಗೆ ಒಳಗೆ ನೈಲಾನ್ ಬಳೆ ಇರೋ ನಟ್ಟು ಆದ್ರೆ ನೈಲಾನ್ ಮುಟ್ಟೋವರೆಗೆ ಮಾತ್ರ ಕೈಯಲ್ಲಿ ಹೋಗತ್ತೆ, ಅದು ಸರೀನೇ.

ಬ್ರಾಕೆಟ್ ತೂತು ಅರ್ಧ ಇಂಚಿನದಾಗಿದ್ದು ಎಂ12 ಹಾಕಿದ್ರೆ ಸ್ವಲ್ಪ ಆಟ ಬರತ್ತೆ, ಉಲ್ಟಾ ಆದ್ರೆ ಹೋಗೋದೇ ಇಲ್ಲ, ಆಗ ಬ್ರಾಕೆಟ್ ತೂತನ್ನ ಕೊರೆದು ದೊಡ್ಡದು ಮಾಡೋಕೆ ಮಾತ್ರ ಹೋಗ್ಬೇಡಿ. ಅಲ್ಲಿ ಪೇಂಟ್ ಹೋದ್ರೆ ಅಲ್ಯೂಮಿನಿಯಂ ಬೆತ್ತಲಾಗತ್ತೆ, ಉಪ್ಪುನೀರು ಅಲ್ಲಿಂದಾನೇ ಶುರು ಮಾಡತ್ತೆ.

ಉದ್ದ, ಇಲ್ಲೇ ಜಾಸ್ತಿ ಜನ ಎಡವೋದು

"ಉದ್ದ ಇದ್ರೆ ಇರ್ಲಿ ಬಿಡು, ಕಮ್ಮಿ ಆಗ್ಬಾರ್ದು ಅಷ್ಟೇ" ಅನ್ನೋ ಮಾತು ಎಲ್ಲಾ ಕಡೆ ಕೇಳ್ತೀವಿ. ಪೂರ್ತಿ ನಿಜ ಅಲ್ಲ. ಒಂದು ಲೆಕ್ಕ ತಗೊಳ್ಳೋಣ. ಬ್ರಾಕೆಟ್‌ನ ದಪ್ಪ 18 ಮಿಮೀ, ಟ್ರಾನ್ಸಮ್ 45, ಒಳಗಡೆ ಪ್ಲೇಟು 5, ತಲೆ ಕೆಳಗೆ ಒಂದು ವಾಷರ್ ನಟ್ಟಿನ ಕೆಳಗೆ ಒಂದು, ತಲಾ ಎರಡೂವರೆ ಮಿಮೀ. ಒಟ್ಟು 73. ಇದು ಬೋಲ್ಟು ಹಿಡಿದುಕೊಳ್ಳಬೇಕಾದ ದಪ್ಪ. ಇದಕ್ಕೆ ಎಂ12 ನೈಲಾನ್ ನಟ್ಟಿನ ಎತ್ತರ 12 ಸೇರಿಸಿ, ನಟ್ಟಿನಾಚೆ ಕನಿಷ್ಠ ಎರಡು ಥ್ರೆಡ್ಡು ಕಾಣ್ಬೇಕು ಅದು ಮೂರೂವರೆ ಮಿಮೀ, ಆಯ್ತು 88.5. ಹಾಗಾದ್ರೆ 90 ಮಿಮೀ ಬೋಲ್ಟು ತಗೋಬೇಕು.

ಈಗ 90 ಸಿಗ್ಲಿಲ್ಲ ಅಂತ 110 ತಂದ್ರಿ ಅಂದ್ಕೊಳ್ಳಿ. ಅರ್ಧ ಥ್ರೆಡ್ಡಿನ ಎಂ12 ಬೋಲ್ಟಿನಲ್ಲಿ 125 ಮಿಮೀ ಉದ್ದದವರೆಗೆ ಥ್ರೆಡ್ ಇರೋದು ತುದಿಯಿಂದ 30 ಮಿಮೀ ಮಾತ್ರ. ಅಂದ್ರೆ 110ರಲ್ಲಿ ಮೊದಲ 80 ಮಿಮೀ ಶ್ಯಾಂಕು, ಅಂದ್ರೆ ಥ್ರೆಡ್ ಇಲ್ಲದ ನುಣುಪು ಕಾಂಡ. ನಟ್ಟು ಬಂದು 80ರ ಹತ್ರ ಗಕ್ಕಂತ ನಿಂತುಬಿಡತ್ತೆ, ನಿಮಗೆ ಹಿಡಿಬೇಕಾಗಿದ್ದು 73. ಸ್ಪ್ಯಾನರ್‌ಗೆ ಗಟ್ಟಿ ಅನ್ಸತ್ತೆ, ಕೈಗೆ ತೃಪ್ತಿ ಆಗತ್ತೆ, ಒಳಗೆ ಏಳು ಮಿಮೀ ಖಾಲಿ. ಇಷ್ಟು ದೊಡ್ಡ ಸಂದು ಆದ್ರೆ ಕಣ್ಣಿಗೆ ಕಾಣತ್ತೆ, ನಂಗೆ ಭಯ ಇರೋದು 100ರ ಬೋಲ್ಟಿನ ಬಗ್ಗೆ. ಅದ್ರಲ್ಲಿ ಶ್ಯಾಂಕು 70, ಲೆಕ್ಕದ ಪ್ರಕಾರ ಮೂರು ಮಿಮೀ ಉಳೀತು, ಆದ್ರೆ ಥ್ರೆಡ್ ಮುಗಿಯೋ ಜಾಗ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಇರಲ್ಲ, ಕೊನೇ ಒಂದೆರಡು ಸುತ್ತು ಪೂರ್ತಿ ಆಳ ಇರಲ್ಲ, ನಟ್ಟು ಅಲ್ಲೇ ಸಿಕ್ಕಿಕೊಳ್ಳತ್ತೆ. ಇವತ್ತು ಬಿಗಿ ಆಗಿ ಕೂತ್ರೂ ಕೆಲವು ದಿನ ಓಡಿಸಿದ ಮೇಲೆ ಮರ ಒಂಚೂರು ಅದುಮಿಕೊಂಡಾಗ ಮತ್ತೆ ಬಿಗಿ ಮಾಡೋಕೆ ಥ್ರೆಡ್ಡೇ ಉಳಿದಿರಲ್ಲ. ಆದ್ರಿಂದ ಉದ್ದ ಲೆಕ್ಕ ಹಾಕುವಾಗ ಒಟ್ಟು ಉದ್ದ ಒಂದೇ ಅಲ್ಲ, ಶ್ಯಾಂಕಿನ ಉದ್ದ ಹಿಡಿಯೋ ದಪ್ಪಕ್ಕಿಂತ ಒಂದೈದು ಮಿಮೀನಾದ್ರೂ ಕಮ್ಮಿ ಇದ್ಯಾ ಅಂತ ನೋಡಿ.

ಹಂಗಾದ್ರೆ ತಲೆಯಿಂದ ತುದಿವರೆಗೂ ಥ್ರೆಡ್ ಇರೋದೇ ತಗೊಂಡ್ರೆ ಈ ತಲೆನೋವೇ ಇಲ್ವಲ್ಲ ಅಂತ ಕೇಳ್ತೀರ. ಇಲ್ಲ, ಆದ್ರೆ ಥ್ರೆಡ್ಡಿನ ಅಂಚು ಬ್ರಾಕೆಟ್ ತೂತಿನ ಒಳಗೆ ಅರದ ಥರ ಉಜ್ಜತ್ತೆ, ಮರದಲ್ಲೂ ಅಷ್ಟೇ, ಥ್ರೆಡ್ಡಿನ ಸಂದಿನಲ್ಲಿ ನೀರು ಹರಿಯೋಕೂ ದಾರಿ. ಭಾರ ಹೊರೋ ಜಾಗದಲ್ಲಿ ನುಣುಪು ಶ್ಯಾಂಕೇ ಇರ್ಬೇಕು. ಸರಿಯಾದ ಉದ್ದ ಸಿಗೋವರೆಗೂ ಕಾಯೋದು ವಾಸಿ.

ದಪ್ಪ ಅಳೆಯೋಕೆ ಟೇಪು ಬೇಡ. ಟ್ರಾನ್ಸಮ್‌ನ ಮೇಲಂಚು ಒಂದು ದಪ್ಪ, ಕೆಳಗೆ ಇನ್ನೊಂದು ದಪ್ಪ ಇರೋದು ಸಾಮಾನ್ಯ. ತೂತು ಕೊರೆದ ಮೇಲೆ ಒಂದು ತಂತಿಯ ತುದಿ ಕೊಕ್ಕೆ ಥರ ಬಗ್ಗಿಸಿ ಒಳಗೆ ಹಾಕಿ, ಆಚೆ ಅಂಚಿಗೆ ಸಿಗಿಸಿ, ಈಚೆ ಅಂಚಿನ ಹತ್ರ ಬೆರಳು ಹಿಡಿದು ಗುರುತು ಮಾಡಿ, ನಾಲ್ಕೂ ತೂತಿಗೆ ಬೇರೆ ಬೇರೆಯಾಗಿ. ಮೇಲಿನ ಎರಡಕ್ಕೆ ಒಂದು ಉದ್ದ, ಕೆಳಗಿನ ಎರಡಕ್ಕೆ ಇನ್ನೊಂದು ಬಂದ್ರೆ ಆಶ್ಚರ್ಯ ಪಡ್ಬೇಡಿ.

ಲೋಹ

ಉಪ್ಪುನೀರಿಗೆ 316 ಸ್ಟೇನ್‌ಲೆಸ್, ಅದೇ ಎ4 ಅಂತ ತಲೆ ಮೇಲೆ ಒತ್ತಿರ್ತಾರೆ. ಸಿಹಿನೀರಲ್ಲಿ ಮಾತ್ರ ಓಡಿಸೋ ಬೋಟಿಗೆ 304, ಅಂದ್ರೆ ಎ2 ನಡೆಯತ್ತೆ, ಆದ್ರೂ ನಾಲ್ಕೇ ಬೋಲ್ಟಿನ ಮಾತು, ನಾನಾದ್ರೆ ಎಲ್ಲಿಗಾದ್ರೂ 316ನೇ ಹಾಕ್ತೀನಿ. 316ರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರತ್ತೆ, ಉಪ್ಪಿನ ಕ್ಲೋರೈಡ್ ಗುಳಿ ತೋಡೋದನ್ನ ತಡೆಯೋದು ಅದೇ. ಎ4 ಪಕ್ಕದಲ್ಲಿ 70 ಅಂತಲೋ 80 ಅಂತಲೋ ಇರೋದು ಬಲದ ದರ್ಜೆ, 70 ಅಂದ್ರೆ 700 ಮೆಗಾಪಾಸ್ಕಲ್, ಎರಡೂ ಸಾಕು. ತಲೆ ಮೇಲೆ ಏನೂ ಬರೆದಿಲ್ಲ ಅಂದ್ರೆ ಬಿಟ್ಟುಬಿಡಿ. ಅಯಸ್ಕಾಂತ ಹಿಡಿದು ನೋಡೋರಿದಾರೆ, ಗಟ್ಟಿಯಾಗಿ ಅಂಟ್ಕೊಂಡ್ರೆ ಅದು ಲೇಪ ಹಾಕಿದ ಮಾಮೂಲಿ ಉಕ್ಕು ಇರಬಹುದು ಅಂತ ಗೊತ್ತಾಗತ್ತೆ, ಸ್ವಲ್ಪ ಸೆಳೆದ ಹಾಗಾದ್ರೆ ಹೆದರ್ಬೇಡಿ, ತಣ್ಣಗೆ ಬಡಿದು ಮಾಡಿದ ಸ್ಟೇನ್‌ಲೆಸ್ಸೂ ಒಂಚೂರು ಸೆಳೆಯತ್ತೆ. ಆದ್ರೆ 304ನ್ನೂ 316ನ್ನೂ ಬೇರೆ ಮಾಡಿ ಹೇಳೋದು ಅಯಸ್ಕಾಂತದ ಕೈಲಿ ಆಗಲ್ಲ.

ಜಿಂಕ್ ಲೇಪದ 8.8 ದರ್ಜೆಯ ಉಕ್ಕಿನ ಬೋಲ್ಟು "ಇನ್ನೂ ಸ್ಟ್ರಾಂಗು" ಅಂತ ಕೊಡ್ತಾರೆ. ಬಲದಲ್ಲಿ ಸ್ಟ್ರಾಂಗೇ, ಆದ್ರೆ ಆ ತೆಳು ಲೇಪ ಉಪ್ಪುನೀರಲ್ಲಿ ಬಾಳಲ್ಲ, ಆಮೇಲೆ ತುಕ್ಕು ಮರಕ್ಕೂ ಇಳಿಯತ್ತೆ, ಬಿಚ್ಚೋಕೂ ಬರಲ್ಲ. ಹಿತ್ತಾಳೆ ಬೇಡ. ಮರಕ್ಕೆ ತಿರುಗಿಸಿ ಕೂರಿಸೋ ದಪ್ಪ ಸ್ಕ್ರೂಗಳಂತೂ ಯಾವತ್ತೂ ಬೇಡ, ಆರಪಾರ ಹೋಗಿ ಹಿಂದೆ ನಟ್ಟು ಬರ್ಲೇಬೇಕು.

ಸ್ಟೇನ್‌ಲೆಸ್‌ಗೆ ಎರಡು ದೋಷ ಇದೆ. ಒಂದು ಆ ಹಳೇ ಬೋಲ್ಟಿನಲ್ಲಿ ನಾನು ನೋಡಿದ್ದು: ಅದರ ಮೈಮೇಲಿನ ರಕ್ಷಣೆಯ ಪೊರೆ ಉಳಿಯೋಕೆ ಆಮ್ಲಜನಕ ಬೇಕು, ನೆನೆದ ಮರದೊಳಗೆ ಗಾಳಿ ಆಡದೆ ನಿಂತ ಉಪ್ಪುನೀರಲ್ಲಿ ಪೊರೆ ಸೋತು ಗುಳಿ ಬೀಳತ್ತೆ. ಎರಡನೇದು, ಅಲ್ಯೂಮಿನಿಯಂ ಜೊತೆ ಉಪ್ಪುನೀರಲ್ಲಿ ಸೇರಿದ್ರೆ ಅಲ್ಯೂಮಿನಿಯಂ ಸವೆಯತ್ತೆ. ನಿಮ್ಮ ಬ್ರಾಕೆಟ್ ಅಲ್ಯೂಮಿನಿಯಂದೇ, ಬೋಟೂ ಅಲ್ಯೂಮಿನಿಯಂದಾದ್ರೆ ಇನ್ನೂ ಹುಷಾರು. ಬೋಲ್ಟಿನ ಸುತ್ತ ಬಿಳೀ ಪುಡಿ, ಪೇಂಟ್ ಗುಳ್ಳೆ ಎದ್ದಿರೋದು ನೋಡಿರ್ತೀರ, ಅದೇ ಇದು. ಟೆಫ್-ಜೆಲ್, ಡ್ಯೂರಾಲಾಕ್ ಥರದ ತಡೆ ಪೇಸ್ಟು ಶ್ಯಾಂಕಿನಲ್ಲಿ ಬ್ರಾಕೆಟ್ ಒಳಗೆ ಬರೋ ಭಾಗಕ್ಕೂ ತಲೆ ಕೆಳಗೂ ಸವರಿ ಹಾಕಿದ್ರೆ ಎರಡು ಲೋಹ ನೇರ ಮುಟ್ಟೋದು ತಪ್ಪತ್ತೆ.

ವಾಷರ್ ಮತ್ತೆ ಪ್ಲೇಟು

ಮಾಮೂಲಿ ಎಂ12 ವಾಷರ್‌ನ ಅಗಲ 24 ಮಿಮೀ. ದೊಡ್ಡ ಸರಣಿಯದು 37 ಮಿಮೀ ಅಗಲ, 3 ಮಿಮೀ ದಪ್ಪ. ಅಗಲ ಒಂದೂವರೆ ಪಟ್ಟು ಕಂಡ್ರೂ ತೂತು ಕಳೆದು ಮರವನ್ನ ಒತ್ತೋ ಜಾಗ ಲೆಕ್ಕ ಹಾಕಿದ್ರೆ 320 ಚದರ ಮಿಮೀ ಎಲ್ಲಿ, 940 ಎಲ್ಲಿ, ಮೂರು ಪಟ್ಟು ಹತ್ರ. ಅದೇ ಬಿಗಿತ, ಮರದ ಮೇಲೆ ಒತ್ತಡ ಮೂರನೇ ಒಂದು ಭಾಗ. ಒಳಗಡೆ ನಟ್ಟಿನ ಕೆಳಗೆ ಕನಿಷ್ಠ ಇದು ಇರ್ಲೇಬೇಕು. ಇನ್ನೂ ಒಳ್ಳೇದು ಅಂದ್ರೆ ಮೇಲಿನ ಎರಡು ಬೋಲ್ಟಿಗೂ ಸೇರಿ ಅಡ್ಡಕ್ಕೆ ಒಂದೇ ಪ್ಲೇಟು, 5 ಮಿಮೀ ಅಲ್ಯೂಮಿನಿಯಂದು, ಮೂಲೆ ದುಂಡಗೆ ಉಜ್ಜಿ, ಹಿಂದೆ ಸೀಲೆಂಟ್ ಹಚ್ಚಿ. ಪ್ಲೇಟ್ ಹಾಕಿದ್ರೆ ಅದರ ಮೇಲೆ ಮಾಮೂಲಿ ವಾಷರ್ ಸಾಕು. ತೆಳು ತಗಡಿನ ವಾಷರ್ ನಟ್ಟು ಬಿಗಿ ಆಗ್ತಾ ತಟ್ಟೆ ಥರ ಬಾಗಿ ನಡುವೆ ಗುಂಡಿ ಬಿದ್ರೆ ಅದು ಭಾರ ಹಂಚ್ತಾನೇ ಇಲ್ಲ ಅಂತ ಅರ್ಥ, ತೆಗೆದುಬಿಡಿ. ವಾಷರ್‌ಗೂ ನಟ್ಟಿಗೂ 316ನೇ ಇರ್ಲಿ, ಬೋಲ್ಟು ಒಳ್ಳೇದು ತಂದು ವಾಷರ್ ಡಬ್ಬಿಯಲ್ಲಿ ಬಿದ್ದಿದ್ದು ಯಾವುದೋ ಹಾಕೋದು ತುಂಬಾ ಕಡೆ ನೋಡ್ತೀನಿ, ಬೇಜಾರಾಗತ್ತೆ.

ನಟ್ಟು ನೈಲಾನ್ ಲಾಕಿನದು. ಸ್ಪ್ರಿಂಗ್ ವಾಷರ್ ನಂಬ್ಕೊಂಡು ಮಾಮೂಲಿ ನಟ್ಟು ಬೇಡ. ಬಿಚ್ಚಿದ ನೈಲಾನ್ ನಟ್ಟು ಮತ್ತೆ ಹಾಕ್ಬೇಡಿ, ಹೊಸದು ತನ್ನಿ.

ತೂತು, ಸೀಲೆಂಟ್, ಬಿಗಿ ಮಾಡೋದು

ಕೊರೆಯೋ ಮೊದಲು ಟ್ರಾನ್ಸಮ್‌ನ ಪೂರ್ತಿ ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ಜಾಗ ಟಣ್ ಅನ್ನತ್ತೆ, ಕೊಳೆತ ಜಾಗ ಬೊದ್ದು ಸದ್ದು. ಕೊರೆದಾಗ ಬರೋ ಪುಡಿ ಒಣಗಿ ತಿಳಿ ಬಣ್ಣ ಇರ್ಬೇಕು, ಕಪ್ಪಗೆ ಒದ್ದೆಯಾಗಿ ಹಿಟ್ಟಿನ ಥರ ಬಂದ್ರೆ ಅಲ್ಲಿಗೆ ನಿಲ್ಲಿಸಿ, ಬೋಲ್ಟಿನ ಮಾತು ಆಮೇಲೆ, ಮೊದಲು ಮರ ರಿಪೇರಿ ಆಗ್ಬೇಕು.

ಎಂ12ಕ್ಕೆ 13 ಮಿಮೀ ತೂತು ಸಾಕು, ಡ್ರಿಲ್ ಸೊಟ್ಟ ಹೋಗದ ಹಾಗೆ ನೆಟ್ಟಗೆ ಹಿಡೀರಿ. ಟ್ರಾನ್ಸಮ್ ಒಳಗೆ ಪ್ಲೈವುಡ್ ಇದ್ರೆ ನಾನು ಪಾಲಿಸೋ ವಿಧಾನ ಸ್ವಲ್ಪ ಉದ್ದ, ಆದ್ರೆ ಸಾರ್ಥಕ: ಮೊದಲು 18, 20 ಮಿಮೀ ತೂತು ಕೊರೆದು, ಒಂದು ಕಡೆ ಟೇಪು ಅಂಟಿಸಿ, ಗಟ್ಟಿ ಎಪಾಕ್ಸಿ ತುಂಬಿ, ಪೂರ್ತಿ ಒಣಗಿದ ಮೇಲೆ ಅದರ ನಡುವೆ 13ರ ತೂತು ಮತ್ತೆ ಕೊರೆಯೋದು. ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆ ಆಗತ್ತೆ, ಮುಂದೊಂದು ದಿನ ಸೀಲೆಂಟ್ ಸೋತ್ರೂ ನೀರಿಗೆ ಮರ ಸಿಗಲ್ಲ, ಬಿಗಿ ಮಾಡಿದಾಗ ಮರ ಅದುಮೋದೂ ಕಮ್ಮಿ. ಅಷ್ಟು ಮಾಡೋಕೆ ಆಗಲ್ಲ ಅಂದ್ರೆ ತೂತಿನ ಒಳಮೈಗೆ ಎರಡು ಸಲ ಎಪಾಕ್ಸಿನಾದ್ರೂ ಸವರಿ.

ಸೀಲೆಂಟ್ ಬೋಟಿಗೇ ಅಂತ ಬರೋ ಪಾಲಿಯುರೆಥೇನ್ ಇಲ್ಲ ಪಾಲಿಸಲ್ಫೈಡ್ ಆಗಿರ್ಲಿ. ಬಾತ್‌ರೂಮಿನ ಸಿಲಿಕೋನ್ ಬೇಡವೇ ಬೇಡ. ತ್ರೀಎಂ 5200 ಹಾಕ್ಬೇಕು ಅಂತ ಕೆಲವರು ಹೇಳ್ತಾರೆ, ಅದು ಖಾಯಂ ಅಂಟು, ಮುಂದೆ ಮೋಟರ್ ಎತ್ತರ ಬದಲಿಸ್ಬೇಕಾದಾಗ ಕಣ್ಣಲ್ಲಿ ನೀರು ಬರತ್ತೆ, ಅದೇ ಕಂಪನಿಯ 4200 ಬಿಚ್ಚೋಕೆ ಬರೋ ಥರದ್ದು. ತೂತಿನೊಳಗೆ ಸೀಲೆಂಟ್ ತುಂಬಿ, ಶ್ಯಾಂಕಿಗೂ ತಲೆ ಕೆಳಗೂ ಹಚ್ಚಿ, ಬೋಲ್ಟನ್ನ ಹೊರಗಡೆಯಿಂದ ತಿರುಗಿಸ್ತಾ ತಳ್ಳಿ, ಒಳಗಡೆ ಸುತ್ತಲೂ ಉಕ್ಕಿ ಬಂದ್ರೆ ತುಂಬಿದೆ ಅಂತ. ತಡೆ ಪೇಸ್ಟು ಹಾಕ್ತೀನಿ ಅಂದ್ರೆ ಅದು ಬ್ರಾಕೆಟ್ ಒಳಗೆ ಬರೋ ಭಾಗಕ್ಕೆ ಮಾತ್ರ, ಟ್ರಾನ್ಸಮ್ ಒಳಗಿನ ಭಾಗಕ್ಕೆ ಸೀಲೆಂಟ್, ಎರಡೂ ಬೆರೆತ್ರೆ ಸೀಲೆಂಟ್ ಹಿಡಿಯಲ್ಲ.

ಬಿಗಿ ಮಾಡುವಾಗ ಹೊರಗೆ ತಲೆಯನ್ನ ಒಬ್ರು ಅಲ್ಲಾಡದ ಹಾಗೆ ಹಿಡ್ಕೊಳ್ಳಿ, ಒಳಗಿಂದ ನಟ್ಟನ್ನ ಮಾತ್ರ ತಿರುಗಿಸಿ, ಬೋಲ್ಟೇ ತಿರುಗಿದ್ರೆ ಸೀಲೆಂಟ್ ಹರಿದು ಹೋಗತ್ತೆ. ಥ್ರೆಡ್ಡಿಗೆ ಆ್ಯಂಟಿ-ಸೀಜ್, ಅಂದ್ರೆ ಥ್ರೆಡ್ ಕಚ್ಕೊಳ್ಳದ ಹಾಗೆ ತಡೆಯೋ ಪೇಸ್ಟು, ಹಚ್ಚೋದು ಮರೀಬೇಡಿ, ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿ ಬಿಸಿ ಆದ್ರೆ ಬೆಸುಗೆ ಹಾಕಿದ ಹಾಗೆ ಕಚ್ಕೊಳ್ಳತ್ತೆ, ಆಮೇಲೆ ಮುಂದಕ್ಕೂ ಹೋಗಲ್ಲ ಹಿಂದಕ್ಕೂ ಬರಲ್ಲ, ಕತ್ತರಿಸೋದೇ ಗತಿ. ಇಂಪ್ಯಾಕ್ಟ್ ಗನ್ ಅಂತೂ ಹತ್ರಾನೂ ತರ್ಬೇಡಿ, ಕೈಯಲ್ಲಿ ನಿಧಾನಕ್ಕೆ, ಅಡ್ಡಡ್ಡ ಜೋಡಿಯಾಗಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಟಾರ್ಕ್, ಅಂದ್ರೆ ನಟ್ಟು ತಿರುಗಿಸೋ ಬಲ, ಎಷ್ಟು ಅಂದ್ರೆ ಮೋಟರ್ ಕೈಪಿಡಿಯ ಅಂಕಿಯೇ ಅಂತಿಮ. ಅರ್ಧ ಇಂಚಿನ ಸ್ಟೇನ್‌ಲೆಸ್‌ಗೆ ಸಾಮಾನ್ಯ ಪಟ್ಟಿಗಳಲ್ಲಿ 58 ನ್ಯೂಟನ್ ಮೀಟರ್ ಆಸುಪಾಸು ಇರತ್ತೆ, ಆದ್ರೆ ಅದು ಒಣ ಥ್ರೆಡ್ಡಿಗೆ ಹೇಳಿದ್ದು, ಪೇಸ್ಟ್ ಹಚ್ಚಿದ್ರೆ ಅದೇ ಟಾರ್ಕಿಗೆ ಬಿಗಿತ ಜಾಸ್ತಿ ಆಗತ್ತೆ, ಇಳಿಸ್ಕೋಬೇಕು. ವಾಷರ್ ಅಂಚು ಟ್ರಾನ್ಸಮ್ ಮೇಲಿನ ಫೈಬರ್ ಪದರದೊಳಗೆ ಇಳಿಯೋ ಥರ ಕಾಣ್ತು ಅಂದ್ರೆ ಅಂಕಿ ಏನೇ ಇರ್ಲಿ ಕೈ ನಿಲ್ಲಿಸಿ.

ಮೊದಲ ಎರಡು ಮೂರು ಸಲ ಓಡಿಸಿದ ಮೇಲೆ ನಟ್ಟುಗಳನ್ನ ಮತ್ತೆ ನೋಡಿ, ಒಂದು ಕಾಲು ಸುತ್ತು ಸಿಗೋದು ಸಹಜ, ಪ್ರತಿ ಸಲ ಸಿಗ್ತಾನೇ ಹೋದ್ರೆ ಮರ ಒಳಗೆ ಕುಸೀತಿದೆ ಅಂತ. ನಾನು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೀತೀನಿ, ನಟ್ಟು ತಿರುಗಿದ್ರೆ ಗೆರೆ ಮುರಿದಿರತ್ತೆ, ಸ್ಪ್ಯಾನರ್ ಹಿಡಿಯೋದಕ್ಕೂ ಮೊದಲೇ ಗೊತ್ತಾಗತ್ತೆ. ವರ್ಷಕ್ಕೊಂದ್ಸಲ ಕೆಳಗಿನ ಒಂದು ಬೋಲ್ಟನ್ನ ಪೂರ್ತಿ ಹೊರಗೆ ಎಳೆದು ಮಧ್ಯದ ಶ್ಯಾಂಕನ್ನ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡೀರಿ. ತೂತಿನಿಂದ ಕಂದು ನೀರು ಇಳಿದ್ರೆ, ಇಲ್ಲ ಶ್ಯಾಂಕಿನ ಮೇಲೆ ಸಣ್ಣ ಗುಳಿ ಕಂಡ್ರೂ ನಾಲ್ಕೂ ಬದಲಾಯಿಸಿ, ತೂತು ಒಣಗಿಸಿ, ಹೊಸ ಸೀಲೆಂಟ್ ಹಾಕಿ.